ಸಂದರ್ಶನದ ಕೊನೆಯಲ್ಲಿ ಡಿಸೈನರ್ ಕೇಳಬೇಕಾದ ಪ್ರಶ್ನೆಗಳು

ಪ್ರಶ್ನೆ: ನಾನು ಹಾಸನದವಳು. ಇಲ್ಲಿಯೇ ಎಂಜಿನಿಯರಿಂಗ್ ಓದಿ, ಊರಿನ ಒಂದು ಸಣ್ಣ ಜಾಹೀರಾತು ಸಂಸ್ಥೆಯಲ್ಲಿ ಎರಡು ವರ್ಷಗಳಿಂದ ಡಿಸೈನರ್ ಆಗಿ ಕೆಲಸ ಮಾಡುತ್ತಿದ್ದೇನೆ. ಈಚೆಗೆ ಒಂದು ಸಂದರ್ಶನದಲ್ಲಿ ನನ್ನ ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳ ಸಂಗ್ರಹ) ಚೆನ್ನಾಗಿಯೇ ತೋರಿಸಿದೆ. ಕೊನೆಯಲ್ಲಿ ‘ನೀವು ಏನಾದರೂ ಕೇಳುವುದಿದೆಯೇ?’ ಎಂದರು. ‘ಕೆಲಸದ ವಾತಾವರಣ ಹೇಗಿದೆ?’ ಎಂದು ಕೇಳಿದೆ. ‘ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ದೇವೆ’ ಎಂದರು. ಅಲ್ಲಿಗೆ ಮಾತು ಮುಗಿಯಿತು, ಕೆಲಸವೂ ಸಿಗಲಿಲ್ಲ. ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಆ್ಯಪ್ ವಿನ್ಯಾಸದ ಹುದ್ದೆ. ಇನ್ನೊಂದು, ಚಿಕ್ಕಮಗಳೂರಿನ ಕಾಫಿಪುಡಿ ಸಂಸ್ಥೆಯಲ್ಲಿ ಪ್ಯಾಕೆಟ್ ಮತ್ತು ಪ್ರಚಾರ ಸಾಮಗ್ರಿಯ ವಿನ್ಯಾಸ. ಸಂದರ್ಶಕರನ್ನು ಏನು ಕೇಳಬೇಕು? ಹೆಚ್ಚು ಕೇಳಿದರೆ ಅಧಿಕಪ್ರಸಂಗ ಎಂದುಕೊಳ್ಳುತ್ತಾರೆ ಎಂದು ಮನೆಯಲ್ಲಿ ಎಚ್ಚರಿಸುತ್ತಾರೆ.

ಉತ್ತರ: ನಿಮ್ಮ ಮನೆಯವರ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ. ಕೆಲಸ ಕೊಡುವವರ ಮುಂದೆ ಪ್ರಶ್ನೆ ಎತ್ತುವುದನ್ನು ಎದುರುತ್ತರ ಎಂದೇ ಭಾವಿಸುವವರು ನಮ್ಮ ಕಡೆ ಈಗಲೂ ಇದ್ದಾರೆ, ಅಂಥವರು ಸಂದರ್ಶಕರ ಕುರ್ಚಿಯಲ್ಲಿಯೂ ಕುಳಿತಿರುತ್ತಾರೆ. ಆದರೆ ಡಿಸೈನರ್‌ ಕೆಲಸದಲ್ಲಿ ಅರ್ಧಪಾಲು ಕೇಳುವುದೇ ಆಗಿದೆ. ಗ್ರಾಹಕ ‘ಲೋಗೊ ಇನ್ನೂ ಸ್ವಲ್ಪ ದೊಡ್ಡದಾಗಲಿ’ ಎಂದಾಗ, ಏಕೆ, ಯಾರಿಗೆ ಕಾಣಿಸುತ್ತಿಲ್ಲ, ಎಷ್ಟು ದೂರದಿಂದ ನೋಡುವವರಿಗೆ ಎಂದು ವಿಚಾರಿಸದೆ ಮೌಸ್ ಹಿಡಿಯುವವರ ಕೆಲಸ ಬಹುಕಾಲ ನಿಲ್ಲುವುದಿಲ್ಲ. ಹಲವು ವರ್ಷಗಳಿಂದ ಮೇಜಿನ ಆ ಬದಿಯಲ್ಲಿ ಕುಳಿತು ಡಿಸೈನರುಗಳನ್ನು ಆರಿಸುತ್ತಿರುವ ನನ್ನ ಅನುಭವದಲ್ಲಿ, ಅಭ್ಯರ್ಥಿ ಕೇಳುವ ಪ್ರಶ್ನೆಯೂ ಅವರ ಪೋರ್ಟ್‌ಫೋಲಿಯೊದ ಒಂದು ಪುಟವೇ. ಕೆಲಸ ಸಿಗದಿರಲು ಕಾರಣಗಳು ನೂರಿರಬಹುದು. ನಿಮ್ಮ ಹಿಂದಿನ ಸಂದರ್ಶನ ಆ ಒಂದು ಪ್ರಶ್ನೆಯಿಂದಲೇ ಕೆಟ್ಟಿತೆಂದು ನಾನು ಹೇಳಲಾರೆ. ಆದರೆ ಆ ಪ್ರಶ್ನೆಯಿಂದ ನಿಮಗೆ ಏನೂ ತಿಳಿಯಲಿಲ್ಲ ಎಂಬುದು ನಿಜ, ಮತ್ತು ಅದಕ್ಕೆ ಕಾರಣವಿದೆ.

‘ವಾತಾವರಣ ಹೇಗಿದೆ’ ಎಂಬುದು ಅಭಿಪ್ರಾಯ ಕೇಳುವ ಪ್ರಶ್ನೆ. ಅಭಿಪ್ರಾಯ ಕೇಳಿದರೆ ಜನ ಒಳ್ಳೆಯ ಮಾತನ್ನೇ ಆಡುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ. ಹಾಸನದ ಮಾರುಕಟ್ಟೆಗೆ ಆಲೂಗಡ್ಡೆ ತಂದ ಒಬ್ಬ ರೈತರ ಬಳಿ ನೀವು ಹೋಗಿ ‘ದಿನದ ಧಾರಣೆ ತೋರಿಸುವ ಆ್ಯಪ್ ಮಾಡಿದರೆ ಬಳಸುತ್ತೀರಾ?’ ಎಂದು ಕೇಳಿದರೆ ‘ಮಾಡಿ, ಒಳ್ಳೆಯದೇ’ ಎನ್ನುತ್ತಾರೆ. ಆ ಉತ್ತರದ ಮೇಲೆ ಆ್ಯಪ್ ಕಟ್ಟಿದವರು ಕೈಸುಟ್ಟುಕೊಳ್ಳುತ್ತಾರೆ. ಅದೇ ರೈತರನ್ನು ‘ಹೋದ ಸಲ ಲೋಡ್ ತರುವ ಮೊದಲು ಧಾರಣೆ ಹೇಗೆ ತಿಳಿದುಕೊಂಡಿರಿ?’ ಎಂದು ಕೇಳಿ ನೋಡಿ. ಮಂಡಿಯವರಿಗೆ ಫೋನ್ ಮಾಡಿದ್ದು, ಅವರು ಎತ್ತದೆ ಹೋದದ್ದು, ಹಿಂದಿನ ದಿನ ಮಾರಿಬಂದ ಪಕ್ಕದ ಹೊಲದವರನ್ನು ವಿಚಾರಿಸಿದ್ದು, ಕೊನೆಗೆ ಲಾರಿ ಸಿಕ್ಕ ದಿನವೇ ಬಂದದ್ದು, ಎಲ್ಲವೂ ಹೊರಬರುತ್ತದೆ. ಬಳಕೆದಾರರ ಅಧ್ಯಯನದಲ್ಲಿ ನಾವು ಮೊದಲು ಕಲಿಯುವ ಪಾಠವೇ ಇದು: ಮುಂದೆ ಏನು ಮಾಡುತ್ತೀರಿ ಎಂದು ಕೇಳುವುದಕ್ಕಿಂತ ಹಿಂದೆ ಏನಾಯಿತು ಎಂದು ಕೇಳುವುದು ಮೇಲು. ಆಶ್ಚರ್ಯವೆಂದರೆ, ಬಳಕೆದಾರರ ಮುಂದೆ ಈ ನಿಯಮವನ್ನು ಚಾಚೂತಪ್ಪದೆ ಪಾಲಿಸುವ ಡಿಸೈನರುಗಳು ಸಂದರ್ಶಕರ ಮುಂದೆ ಕುಳಿತೊಡನೆ ಅದನ್ನು ಮರೆಯುತ್ತಾರೆ. ನಿಮ್ಮ ಎರಡೂ ಸಂದರ್ಶನಗಳಿಗೆ ನನ್ನ ಸಲಹೆ ಒಂದೇ ಬೇರಿನಿಂದ ಹೊರಡುತ್ತದೆ: ಈಗಾಗಲೇ ನಡೆದುಹೋದ ಒಂದು ಕೆಲಸದ ಬಗ್ಗೆ ಕೇಳಿ.

ಬೆಂಗಳೂರಿನ ಕಂಪನಿಯಿಂದ ಆರಂಭಿಸೋಣ. ಒಂದೇ ಪ್ರಶ್ನೆಗೆ ಸಮಯ ಇದೆಯೆಂದಾದರೆ ಇದನ್ನು ಕೇಳಿ: ‘ಇತ್ತೀಚೆಗೆ ನಿಮ್ಮ ತಂಡ ಬಿಡುಗಡೆ ಮಾಡಿದ ಒಂದು ಫೀಚರ್ ಮೊದಲಿನಿಂದ ಕೊನೆಯವರೆಗೆ ಹೇಗೆ ಸಾಗಿತು ಎಂದು ಹೇಳುವಿರಾ?’ ಕೇಳಿದ ಮೇಲೆ ಸುಮ್ಮನಿರಿ. ಉತ್ತರದಲ್ಲಿ ನೀವು ಹಿಡಿಯಬೇಕಾದದ್ದು ಡಿಸೈನರ್ ಎಂಬ ಹೆಸರು ಕಥೆಯ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು. ‘ಮಾರಾಟ ವಿಭಾಗದವರು ಗ್ರಾಹಕರಿಗೆ ಮಾತು ಕೊಟ್ಟಿದ್ದರು, ಪ್ರಾಡಕ್ಟ್ ಮ್ಯಾನೇಜರ್ ಪಟ್ಟಿ ಮಾಡಿದರು, ಡೆವಲಪರ್ ಕೆಲಸ ಶುರುಮಾಡಿದರು, ಆಮೇಲೆ ಸ್ಕ್ರೀನ್‌ಗಳಿಗಾಗಿ ಡಿಸೈನರ್ ಬಳಿ ಬಂದೆವು’ ಎಂಬ ಕ್ರಮ ಬಂದರೆ, ಅಲ್ಲಿ ನಿಮ್ಮ ಪಾಲಿಗಿರುವುದು ನಿರ್ಧಾರವಾದದ್ದಕ್ಕೆ ಬಣ್ಣ ಬಳಿಯುವ ಕೆಲಸ. ‘ಗ್ರಾಹಕ ಸೇವೆಗೆ ಒಂದೇ ಬಗೆಯ ದೂರು ಬರುತ್ತಿತ್ತು, ಡಿಸೈನರ್ ಹೋಗಿ ಆ ಕರೆಗಳನ್ನು ಕೇಳಿಸಿಕೊಂಡರು’ ಎಂದು ಕಥೆ ಆರಂಭವಾದರೆ ಆ ಜಾಗ ಬೇರೆ. ಮೊದಲನೆಯ ಬಗೆಯ ಕಂಪನಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಎರಡು ವರ್ಷ ಜಾಹೀರಾತು ಕೆಲಸ ಮಾಡಿದವರಿಗೆ ಸ್ಕ್ರೀನ್ ವಿನ್ಯಾಸದಲ್ಲಿ ಕೈ ಪಳಗಿಸಿಕೊಳ್ಳಲು ಅದೂ ಆದೀತು. ಯಾವುದಕ್ಕೆ ಸೇರುತ್ತಿದ್ದೀರಿ ಎಂಬುದು ಮಾತ್ರ ಮೊದಲೇ ತಿಳಿದಿರಬೇಕು.

ಆ ಕಥೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳಬಹುದು. ‘ಆ ಕೆಲಸದಲ್ಲಿ ಡಿಸೈನರ್ ಒಂದು ಬಗೆಯಲ್ಲಿ ಬೇಕೆಂದು, ಬೇರೆಯವರು ಇನ್ನೊಂದು ಬಗೆಯಲ್ಲಿ ಬೇಕೆಂದು ಹೇಳಿದ ಸಂದರ್ಭ ಬಂತೇ? ಕೊನೆಗೆ ಹೇಗೆ ಇತ್ಯರ್ಥವಾಯಿತು?’ ಇದಕ್ಕೆ ಬರುವ ಉತ್ತರವನ್ನು ನಾನು ಬಹಳ ಗಮನವಿಟ್ಟು ಕೇಳುತ್ತೇನೆ. ‘ಹಾಗೇನೂ ಆಗುವುದಿಲ್ಲ, ಎಲ್ಲರೂ ಒಪ್ಪಿಕೊಂಡೇ ಮಾಡುತ್ತೇವೆ’ ಎಂದರೆ ಒಂದೋ ಅವರು ನಿಮಗೆ ಹೇಳಲು ಬಯಸುತ್ತಿಲ್ಲ, ಇಲ್ಲವೇ ಡಿಸೈನರ್ ಬಾಯಿ ಬಿಡುವುದೇ ಇಲ್ಲ. ‘ಎರಡನ್ನೂ ಕೆಲವರಿಗೆ ತೋರಿಸಿ ನೋಡಿದೆವು’ ಎಂದರೆ ಒಳ್ಳೆಯದು. ‘ಸಮಯ ಇರಲಿಲ್ಲ, ಮುಖ್ಯಸ್ಥರು ಹೇಳಿದಂತೆ ಮಾಡಿದೆವು, ಬಿಡುಗಡೆಯಾದ ಮೇಲೆ ಬದಲಾಯಿಸಬೇಕಾಯಿತು’ ಎಂದು ಯಾರಾದರೂ ಮುಚ್ಚುಮರೆಯಿಲ್ಲದೆ ಹೇಳಿದರೆ ಅಂಥವರ ಕೈಕೆಳಗೆ ಕೆಲಸ ಮಾಡಲು ನಾನಾದರೆ ಹಿಂಜರಿಯುವುದಿಲ್ಲ.

ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಬೇಡಿ. ಇಂಥ ಕಂಪನಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಜನ ಬೇರೆ ಬೇರೆ ಸುತ್ತಿನಲ್ಲಿ ಮಾತಾಡಿಸುತ್ತಾರೆ. ಎಚ್‌ಆರ್ ಅವರಿಗೆ ವಿನ್ಯಾಸದ ಪ್ರಕ್ರಿಯೆ ಗೊತ್ತಿರಬೇಕಾಗಿಲ್ಲ. ಅವರಿಂದ ಸುತ್ತುಗಳೆಷ್ಟು, ಹುದ್ದೆ ಹೊಸದೇ ಅಥವಾ ಯಾರೋ ಬಿಟ್ಟುಹೋದ ಜಾಗವೇ, ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು ಎಂಬುದನ್ನು ತಿಳಿದುಕೊಂಡರೆ ಸಾಕು. ವಾರದ ಕೊನೆಗೆ ಹಾಸನಕ್ಕೆ ಬಂದುಹೋಗುವ ಯೋಚನೆ ನಿಮಗಿದ್ದರೆ ಈ ಕೊನೆಯದು ಸಣ್ಣ ವಿಷಯವಲ್ಲ. ಡಿಸೈನ್ ಮುಖ್ಯಸ್ಥರನ್ನು ‘ಈ ಹುದ್ದೆಯಲ್ಲಿ ಇದಕ್ಕೂ ಮೊದಲು ಇದ್ದವರು ಈಗ ಏನು ಮಾಡುತ್ತಿದ್ದಾರೆ?’ ಎಂದು ಕೇಳಿ. ಬಡ್ತಿ ಸಿಕ್ಕಿತು, ಬೇರೆ ತಂಡಕ್ಕೆ ಹೋದರು ಎಂಬ ಉತ್ತರಕ್ಕೂ, ಸ್ವಲ್ಪ ತಡೆದು ‘ಅವರಿಗೆ ಇಲ್ಲಿ ಹೊಂದಿಕೆಯಾಗಲಿಲ್ಲ’ ಎಂಬ ಉತ್ತರಕ್ಕೂ ಇರುವ ಅಂತರ ನಿಮಗೇ ತಿಳಿಯುತ್ತದೆ. ಪ್ರಾಡಕ್ಟ್ ಮ್ಯಾನೇಜರ್ ಬಳಿ ಮೇಲೆ ಹೇಳಿದ ಫೀಚರ್‌ನ ಕಥೆ. ಡೆವಲಪರ್ ಸಿಕ್ಕರೆ ಅದು ಅದೃಷ್ಟ, ಏಕೆಂದರೆ ಅಲಂಕಾರವಿಲ್ಲದ ಉತ್ತರ ಬರುವುದು ಹೆಚ್ಚಾಗಿ ಅವರಿಂದ. ‘ಡಿಸೈನರ್ ಕೊಟ್ಟ ಫಿಗ್ಮಾ ಫೈಲ್‌ಗೂ (ಪರದೆಗಳ ವಿನ್ಯಾಸ ಮಾಡುವ ತಂತ್ರಾಂಶದ ಕಡತ) ಕೊನೆಗೆ ಆ್ಯಪ್‌ನಲ್ಲಿ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಇಲ್ಲಿ ಏನು ಮಾಡುತ್ತೀರಿ?’ ಎಂದು ಅವರನ್ನು ಕೇಳಿ. ಸಾಧ್ಯವಾದರೆ ಮುಖ್ಯಸ್ಥರಿಗೂ ಡೆವಲಪರ್‌ಗೂ ಒಂದು ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳಿ, ಇಬ್ಬರ ಕಥೆ ಹೊಂದುತ್ತದೆಯೇ ಎಂದು ನೋಡಿ.

ತಂಡವನ್ನು ಪ್ರಶ್ನೆಗಳ ಮೂಲಕ ಅಳೆಯುವ ಅಭ್ಯಾಸ ಹೊಸದೇನಲ್ಲ. ಸಾಫ್ಟ್‌ವೇರ್ ಲೋಕದ ಜೋಯೆಲ್ ಸ್ಪೋಲ್ಸ್ಕಿ ಅವರು 2000ರಲ್ಲಿ, ಒಂದು ತಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತಿಳಿಯಲು ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ 12 ಪ್ರಶ್ನೆಗಳನ್ನು ಮುಂದಿಟ್ಟರು. ಅದರ ಕೊನೆಯ ಪ್ರಶ್ನೆ ನಮಗೆ ಸಂಬಂಧಿಸಿದ್ದು: ಕಾರಿಡಾರಿನಲ್ಲಿ ಹೋಗುತ್ತಿರುವವರನ್ನು ಹಿಡಿದು ನಿಲ್ಲಿಸಿ, ಈಗಷ್ಟೇ ಮಾಡಿದ್ದನ್ನು ಅವರ ಕೈಗೆ ಕೊಟ್ಟು ಬಳಸಿ ನೋಡಿಸುತ್ತೀರಾ ಎಂಬುದು. ಅದೇ ವರ್ಷ, ಉತ್ಪನ್ನಗಳು ಬಳಸಲು ಎಷ್ಟು ಸುಲಭ ಎಂದು ಅಧ್ಯಯನ ಮಾಡುವ ತಜ್ಞ ಯಾಕೋಬ್ ನೀಲ್ಸೆನ್ ಅವರು ಐದು ಮಂದಿ ಬಳಕೆದಾರರ ಜೊತೆ ನಡೆಸಿದ ಪರೀಕ್ಷೆಯಲ್ಲಿಯೇ ಬಹುಪಾಲು ತೊಡಕುಗಳು ಗೋಚರಿಸುತ್ತವೆ, ಆದ್ದರಿಂದ ಒಮ್ಮೆಗೇ ದೊಡ್ಡದಾಗಿ ಮಾಡುವ ಬದಲು ಚಿಕ್ಕ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿ ಎಂದು ಬರೆದರು. ಆ ಐದು ಎಂಬ ಅಂಕಿಯ ಬಗ್ಗೆ ವಾದಗಳು ಆಮೇಲೆ ನಡೆದಿವೆ. ಆದರೆ ಖರ್ಚಿನ ನೆಪ ಹೇಳುವ ಕಂಪನಿಗೆ, ಐವರನ್ನು ಕೂರಿಸಲು ಖರ್ಚು ಬೇಕಿಲ್ಲ ಎಂಬ ಉತ್ತರ ಅಂದಿನಿಂದಲೂ ಇದೆ. ಆದ್ದರಿಂದ ‘ನೀವು ಬಳಕೆದಾರರ ಅಧ್ಯಯನ ಮಾಡುತ್ತೀರಾ?’ ಎಂದು ಕೇಳಬೇಡಿ, ಎಲ್ಲರೂ ಮಾಡುತ್ತೇವೆ ಎನ್ನುತ್ತಾರೆ. ‘ಕೊನೆಯ ಬಾರಿ ಕಚೇರಿಯ ಹೊರಗಿನ ಒಬ್ಬರ ಕೈಗೆ ಆ್ಯಪ್ ಕೊಟ್ಟು ನೋಡಿದ್ದು ಯಾವಾಗ, ಅದರಿಂದ ಏನು ಬದಲಾಯಿತು?’ ಎಂದು ಕೇಳಿ.

ಹಾಸನದಿಂದ ಹೋಗುವ ನಿಮಗೆ ಇಲ್ಲಿ ಇನ್ನೊಂದು ಪ್ರಶ್ನೆ ಸಹಜವಾಗಿ ಒದಗುತ್ತದೆ, ಅದನ್ನು ಬಿಟ್ಟುಕೊಡಬೇಡಿ. ಸಂದರ್ಶನಕ್ಕೆ ಹೋಗುವ ಮೊದಲು ಅವರ ಆ್ಯಪ್ ಅನ್ನು ನಿಮ್ಮ ಫೋನಿನಲ್ಲಿ ಹಾಕಿಕೊಂಡು, ಕನ್ನಡ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ ಪ್ರತಿ ಪರದೆಯನ್ನೂ ನೋಡಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸಾಲಿನ ಅಂತರ ಲೆಕ್ಕಹಾಕಿ ಮಾಡಿದ ಪರದೆಗಳಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ಬಡಿಯುತ್ತವೆ, ಬಟನ್ನಿನ ಒಳಗೆ ಅವುಗಳ ಕಾಲು ಕತ್ತರಿಸಿಹೋಗುತ್ತದೆ. ‘ಪಾಸ್‌ವರ್ಡ್ ಮರೆತಿದ್ದೀರಾ’ ಎಂಬಲ್ಲಿ ದಕಾರದ ಕೆಳಗಿನ ಒತ್ತು ಕಾಣದಿದ್ದರೆ ಓದುಗರಿಗೆ ತಕ್ಷಣ ಮುಜುಗರವಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪದ ಹಿಡಿಸುತ್ತಿದ್ದ ಟ್ಯಾಬ್‌ನಲ್ಲಿ ‘ಇತ್ತೀಚಿನ ವಹಿವಾಟುಗಳು’ ಎಂಬುದು ಮೂರು ಚುಕ್ಕಿಯಾಗಿ ಮುಗಿದಿರುತ್ತದೆ. ಅಂಥದ್ದೊಂದು ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ಅದನ್ನು ತಪ್ಪು ಹಿಡಿಯುವ ದನಿಯಲ್ಲಿ ತೋರಿಸದೆ ಹೀಗೆ ಕೇಳಿ: ‘ಕನ್ನಡದ ಪರದೆಗಳನ್ನು ಬಿಡುಗಡೆಗೆ ಮೊದಲು ಯಾರು ನೋಡುತ್ತಾರೆ? ಅನುವಾದ ಬಂದ ಮೇಲೆ ವಿನ್ಯಾಸ ಮತ್ತೆ ಡಿಸೈನರ್ ಬಳಿಗೆ ಬರುತ್ತದೆಯೇ?’ ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡು ಬಂದಿರುವ ಸಂದರ್ಶಕರು ವಿರಳ. ಅವರು ಯೋಚಿಸಿ ಮಾತಾಡಬೇಕಾಗುತ್ತದೆ, ನೀವು ಅವರ ಕೆಲಸವನ್ನು ನೋಡಿಬಂದಿದ್ದೀರಿ ಎಂಬುದೂ ಗೊತ್ತಾಗುತ್ತದೆ.

ಆಯ್ಕೆಯ ಭಾಗವಾಗಿ ಮಾಡಿತೋರಿಸಲು ಅಸೈನ್‌ಮೆಂಟ್ ಕೊಟ್ಟರೆ ಅದನ್ನು ಒಪ್ಪಿಕೊಳ್ಳುವ ಮೊದಲು ಕೇಳಬೇಕಾದವು ಬೇರೆ. ಎಷ್ಟು ಗಂಟೆಯ ಕೆಲಸವನ್ನು ನಿರೀಕ್ಷಿಸುತ್ತೀರಿ, ಯಾವ ಅಳತೆಗೋಲಿನಿಂದ ನೋಡುತ್ತೀರಿ, ಮಾಡಿದ್ದರ ಬಗ್ಗೆ ಮಾತಾಡಲು ಅವಕಾಶ ಇರುತ್ತದೆಯೇ, ಇಷ್ಟನ್ನು ಇಮೇಲ್‌ನಲ್ಲಿಯೇ ಕೇಳಬಹುದು. ಕಂಪನಿಯ ಈಗಿನ ಉತ್ಪನ್ನಕ್ಕೇ ಪರದೆಗಳನ್ನು ಮಾಡಿಕೊಡಿ ಎಂದರೆ ‘ಈ ಕೆಲಸವನ್ನು ಆಯ್ಕೆಗೆ ಹೊರತಾಗಿ ಬಳಸುವ ಉದ್ದೇಶ ಇದೆಯೇ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಕೆಲಸ ಕೊಟ್ಟವರೇ ಮೊದಲ ಒಡೆಯರು. ಆದರೆ ಸಂದರ್ಶನದ ಹಂತದಲ್ಲಿ ನೀವು ಇನ್ನೂ ನೌಕರರಲ್ಲ, ಹಾಗಾಗಿ ನೀವು ಮಾಡಿದ್ದು ನಿಮ್ಮದೇ. ಅದರ ಹಕ್ಕನ್ನು ವರ್ಗಾಯಿಸಬೇಕಾದರೆ ನಿಮ್ಮ ಸಹಿಯಿರುವ ಬರಹ ಬೇಕು. ಆದ್ದರಿಂದ ಅಸೈನ್‌ಮೆಂಟ್ ಜೊತೆಗೆ ಸಹಿ ಹಾಕಲು ಯಾವುದಾದರೂ ಕಾಗದ ಕಳಿಸಿದ್ದರೆ ಪೂರ್ತಿ ಓದಿ. ನೆನಪಿಡಬೇಕಾದದ್ದು, ಕಾಯ್ದೆ ಕಾಪಾಡುವುದು ನೀವು ರಚಿಸಿದ ಪರದೆಯನ್ನು ಮಾತ್ರ, ಅದರ ಹಿಂದಿನ ಆಲೋಚನೆಯನ್ನಲ್ಲ.

ಇನ್ನು ಚಿಕ್ಕಮಗಳೂರು. ಅಲ್ಲಿ ಬಹುಶಃ ಮಾಲೀಕರೇ ನಿಮ್ಮನ್ನು ಮಾತಾಡಿಸುತ್ತಾರೆ, ನಾಲ್ಕು ಸುತ್ತು ಇರುವುದಿಲ್ಲ, ಡಿಸೈನ್ ಮುಖ್ಯಸ್ಥರೂ ಇರುವುದಿಲ್ಲ. ಆ ಮುಖ್ಯಸ್ಥರು, ಕಿರಿಯರು ಎರಡೂ ನೀವೇ ಆಗುತ್ತೀರಿ. ಇಂಥ ಕಡೆ ‘ನಿಮ್ಮ ವಿನ್ಯಾಸ ಪ್ರಕ್ರಿಯೆ ಏನು?’ ಎಂದು ಕೇಳಿದರೆ ಇಬ್ಬರಿಗೂ ಇರುಸುಮುರುಸು. ಬದಲಿಗೆ ಅವರ ಅಂಗಡಿಗೋ ಅವರ ಪುಡಿ ಮಾರುವ ಮಳಿಗೆಗೋ ಮೊದಲೇ ಹೋಗಿ ಒಂದು ಪ್ಯಾಕೆಟ್ ಕೊಂಡು, ಅದನ್ನು ಮುಂದಿಟ್ಟುಕೊಂಡು ಪ್ರಶ್ನೆ ಸಿದ್ಧಪಡಿಸಿ. ನಾನು ಕೇಳುವ ಮೊದಲ ಪ್ರಶ್ನೆ ಹೀಗಿರುತ್ತಿತ್ತು: ‘ಕಳೆದ ಬಾರಿ ಪ್ಯಾಕೆಟ್ ಬದಲಾಯಿಸಿದಾಗ ಹಳೆಯ ಪೌಚ್‌ಗಳ ದಾಸ್ತಾನು ಏನಾಯಿತು?’

ಈ ಪ್ರಶ್ನೆಯ ಒಳಗೆ ಬಹಳಷ್ಟು ಅಡಗಿದೆ. ಪೌಚ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಗ್ರೇವ್ಯೂರ್ ವಿಧಾನದಲ್ಲಿ ಮುದ್ರಿಸಿದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕಾಗುತ್ತದೆ. ಪ್ಯಾಕ್ ಮಾಡುವಾಗ ಒತ್ತುವ ಬೆಲೆ, ತಾರೀಕಿನಂಥವನ್ನು ಬಿಟ್ಟು ಬೇರೆ ಯಾವ ಅಕ್ಷರ ಬದಲಾದರೂ ಅದಿರುವ ಬಣ್ಣದ ಸಿಲಿಂಡರ್ ಮತ್ತೆ ಆಗಬೇಕು, ಮುದ್ರಣಾಲಯದವರು ಕನಿಷ್ಠ ಇಷ್ಟು ಎಂದು ಹೇಳಿದ ಪ್ರಮಾಣವನ್ನೂ ಕೊಳ್ಳಬೇಕು. ಚಿಕೋರಿ ಬೆರೆಸಿದ ಪುಡಿಯಾದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂಬುದನ್ನು ಲೇಬಲ್‌ನಲ್ಲಿ ಮುದ್ರಿಸುವುದು ಕಡ್ಡಾಯ, ಮತ್ತು ಕಾಫಿಯ ಪಾಲು ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ. ಮಾಲೀಕರು ಮಿಶ್ರಣದ ಅನುಪಾತವನ್ನು ಬದಲಿಸಿದರೆ ಲೇಬಲ್ಲೂ ಬದಲಾಗಬೇಕು. ‘ಹಳೆಯ ಪೌಚ್ ಮೇಲೆ ಸ್ಟಿಕರ್ ಅಂಟಿಸಿದೆವು’ ಎಂದೋ, ‘ಡಿಸೈನ್ ಮಾಡಿದ ಹುಡುಗ ತಪ್ಪು ಹಾಕಿದ್ದ, ಅಷ್ಟೂ ನಷ್ಟ’ ಎಂದೋ ಅವರು ಹೇಳಿದರೆ, ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ: ‘ಮುದ್ರಣಕ್ಕೆ ಹೋಗುವ ಮೊದಲು ಲೇಬಲ್‌ನ ಬರಹವನ್ನು ಕೊನೆಯದಾಗಿ ಯಾರು ಓದಿ ಸಹಿ ಮಾಡುತ್ತಾರೆ?’ ಸಹಿ ಮಾಡುವವರು ಯಾರೂ ಇಲ್ಲದಿದ್ದರೆ ಆ ಹೊಣೆ ಹೇಳದೆ ಕೇಳದೆ ನಿಮ್ಮ ತಲೆಗೆ ಬಂದಂತೆ. ಸೇರುವ ಮೊದಲೇ ಆ ವಿಷಯವನ್ನು ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಪ್ಯಾಕೆಟ್ ಕೈಯಲ್ಲಿದ್ದರೆ ಇನ್ನೂ ಕೆಲವು ಕಾಣುತ್ತವೆ. ಹುರಿದ ಕಾಫಿ ಅನಿಲ ಬಿಡುವುದರಿಂದ ಪೌಚ್‌ಗೆ ಹಾಕುವ ಸಣ್ಣ ವಾಲ್ವ್ ಅವರ ಲೋಗೊದ ಮೇಲೆಯೇ ಕುಳಿತಿದ್ದರೆ, ವಿನ್ಯಾಸ ಮಾಡಿದವರಿಗೂ ಪೌಚ್ ತಯಾರಿಸುವವರಿಗೂ ಮಾತುಕತೆ ಆಗಿಲ್ಲವೆಂದು ಅರ್ಥ; ‘ಪೌಚ್ ತಯಾರಿಸುವವರ ಜೊತೆ ಡಿಸೈನರ್ ನೇರವಾಗಿ ಮಾತಾಡಬಹುದೇ?’ ಎಂದು ಕೇಳಿ. ಪ್ಯಾಕೆಟ್ ಮೇಲೆ ‘ಚಿಕ್ಕಮಗಳೂರು ಅರೇಬಿಕಾ’ ಅಥವಾ ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂದಿದ್ದರೆ, ಇವೆರಡೂ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹೆಸರುಗಳು, ಆ ಗುರುತನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಅದನ್ನು ವಿಚಾರಣೆಯಂತೆ ಕೇಳುವುದು ಸಲ್ಲದು. ‘ಈ ಹೆಸರನ್ನು ಬಳಸುವುದಕ್ಕೆ ಸಂಬಂಧಿಸಿದ ನಿಯಮಗಳನ್ನು ನಾನು ಯಾರಿಂದ ತಿಳಿದುಕೊಳ್ಳಬೇಕಾಗುತ್ತದೆ?’ ಎಂದರೆ ಸಾಕು, ನೋಂದಣಿ ಇದೆಯೋ ಇಲ್ಲವೋ ಅವರ ಉತ್ತರದಲ್ಲಿಯೇ ತಿಳಿಯುತ್ತದೆ. ಮಾಲೀಕರೇ ಎಲ್ಲವನ್ನೂ ನಿರ್ಧರಿಸುವ ಸಂಸ್ಥೆಯಲ್ಲಿ ಇನ್ನೊಂದನ್ನು ತಿಳಿದುಕೊಳ್ಳಬೇಕು. ಮನೆಯ ಬೇರೆ ಸದಸ್ಯರಿಗೂ ವಿನ್ಯಾಸದ ಬಗ್ಗೆ ಅಭಿಪ್ರಾಯ ಇರುತ್ತದೆ. ಅಂತಿಮ ಒಪ್ಪಿಗೆ ಯಾರದು ಎಂದು ನೇರವಾಗಿ, ಗೌರವದಿಂದ ಕೇಳಿ. ಮೂವರು ಮೂರು ಬಣ್ಣ ಹೇಳಿದಾಗ ಯಾರ ಮಾತು ನಡೆಯುತ್ತದೆ ಎಂದು ಗೊತ್ತಿರದೆ ನಲುಗಿದ ಡಿಸೈನರುಗಳನ್ನು ನಾನು ಬಹಳ ಮಂದಿ ಬಲ್ಲೆ.

ಸಂಬಳ, ಪ್ರೊಬೇಷನ್, ನೋಟಿಸ್ ಪೀರಿಯಡ್ ಇವೆಲ್ಲ ಕೇಳಲೇಬೇಕಾದವು, ಆದರೆ ಕೆಲಸದ ಮಾತು ಮುಗಿದ ಮೇಲೆ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಹೇಳುವ ಮೊತ್ತದಲ್ಲಿ ಕಂಪನಿಯ ಪಾಲಿನ ಭವಿಷ್ಯನಿಧಿ, ಸಾಧನೆ ನೋಡಿ ಕೊಡುವ ಭಾಗ ಎಲ್ಲ ಸೇರಿರುವುದರಿಂದ, ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಬಿಡಿಸಿ ಕೇಳಿ. ಇಷ್ಟು ಕಾಲ ಬಿಟ್ಟುಹೋಗುವಂತಿಲ್ಲ ಎಂಬ ಬಾಂಡ್ ಇದೆಯೇ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ ಎಂಬ ಎರಡನ್ನು ಆಫರ್ ಲೆಟರ್‌ಗೆ ಸಹಿ ಮಾಡುವ ಮೊದಲು ಖಚಿತಪಡಿಸಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ ವಾಪಸ್ ತನ್ನಿ, ಬಿಟ್ಟುಬರಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಷ್ಟು ಕೇಳಬೇಕು ಎಂಬುದಕ್ಕೆ ಅವರ ಗಡಿಯಾರವೇ ಅಳತೆ. ಹತ್ತು ನಿಮಿಷ ಉಳಿದಿದ್ದರೆ ಎರಡು ಪ್ರಶ್ನೆ ಸಾಕು, ಏಕೆಂದರೆ ಕಥೆ ಕೇಳುವ ಪ್ರಶ್ನೆಗೆ ಉತ್ತರ ದೀರ್ಘವಾಗಿಯೇ ಬರುತ್ತದೆ, ಅದರ ಎಳೆ ಹಿಡಿದು ಕೇಳುವ ಮರುಪ್ರಶ್ನೆಗೂ ಸಮಯ ಬೇಕು. ಪುಸ್ತಕದಲ್ಲಿ ಬರೆದುಕೊಂಡು ಹೋಗಿ, ತೆರೆದು ನೋಡಿಯೇ ಕೇಳಿ. ಅದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಮಾತಿನ ನಡುವೆ ಅವರೇ ಉತ್ತರ ಕೊಟ್ಟುಬಿಟ್ಟಿದ್ದರೆ ಆ ಪ್ರಶ್ನೆಗೆ ಗೀಟು ಎಳೆಯಿರಿ, ಸಿದ್ಧಪಡಿಸಿದ್ದೇನೆ ಎಂಬ ಕಾರಣಕ್ಕೆ ಮತ್ತೆ ಕೇಳಬೇಡಿ. ಹೊರಗೆ ಬಂದೊಡನೆ, ಬಸ್ ಹತ್ತುವ ಮೊದಲೇ, ಅವರಾಡಿದ ಮಾತುಗಳನ್ನು ಹಾಗೆ ಹಾಗೆಯೇ ಬರೆದಿಡಿ. ಎರಡೂ ಕಡೆಯಿಂದ ಆಫರ್ ಬಂದರೆ ಸಂಬಳದ ಅಂಕಿಯ ಪಕ್ಕದಲ್ಲಿಟ್ಟು ನೋಡಲು ನಿಮ್ಮ ಬಳಿ ಇರುವುದು ಅಷ್ಟೇ.

ಉಳಿದದ್ದು ಅಧಿಕಪ್ರಸಂಗದ ಭಯ. ಅದು ಪ್ರಶ್ನೆಯ ವಿಷಯಕ್ಕಿಂತ ಹೆಚ್ಚಾಗಿ ಕೇಳುವ ಬಗೆಯಲ್ಲಿದೆ. ಬೆಂಗಳೂರಿನ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದಾದರೆ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಂದು, ಜೋರಾಗಿ ಹೇಳಿ ಅಭ್ಯಾಸ ಮಾಡಿ. ಗಾಬರಿಯಲ್ಲಿ ಚಿಕ್ಕದಾಗಿಬಿಡುವ ವಾಕ್ಯಗಳು ಒರಟಾಗಿ ಕೇಳಿಸುತ್ತವೆ. ಚಿಕ್ಕಮಗಳೂರಿನಲ್ಲಿ ಮಾಲೀಕರು ಕನ್ನಡದಲ್ಲಿಯೇ ಮಾತಾಡಿದರೆ ನೀವೂ ಕನ್ನಡದಲ್ಲಿಯೇ ಕೇಳಿ. ‘ಸರ್, ನಿಮ್ಮ ಪ್ಯಾಕೆಟ್ಟೊಂದು ತಂದಿದ್ದೀನಿ, ಹಿಂದಿನ ಸಲ ಇದನ್ನ ಬದಲಾಯಿಸಿದ ಸಂದರ್ಭ ಹೇಗಿತ್ತು ಅಂತ ತಿಳ್ಕೋಬಹುದಾ?’ ಎಂದು ಪ್ಯಾಕೆಟ್ ಅನ್ನು ಮೇಜಿನ ಮೇಲಿಟ್ಟರೆ ಅದನ್ನು ಅಧಿಕಪ್ರಸಂಗ ಎನ್ನುವ ಮಾಲೀಕರನ್ನು ನಾನು ಈವರೆಗೆ ಕಂಡಿಲ್ಲ.